ಅಮೆರಿಕದ ಬಾಗಿಲು ತಟ್ಟಿದ ತಂದೆ: ಒಟ್ಟೊ ಫ್ರಾಂಕ್

ಜರ್ಮನ್ ಸೇನೆಯ ವಶದಲ್ಲಿದ್ದ ಆ್ಯಮ್‌ಸ್ಟರ್‌ಡ್ಯಾಮ್ ನಗರದಿಂದ 1941ರ ಏಪ್ರಿಲ್ 30ರಂದು ಒಬ್ಬ ವ್ಯಾಪಾರಿ ಅಮೆರಿಕದಲ್ಲಿದ್ದ ತಮ್ಮ ಕಾಲೇಜು ದಿನಗಳ ಗೆಳೆಯನಿಗೆ ಪತ್ರ ಬರೆದರು. ವಲಸೆ ಹೋಗಲು ಬೇರೆ ದಾರಿ ಉಳಿದಿಲ್ಲ, ಅಮೆರಿಕವೊಂದೇ ಗತಿ, ಅದಕ್ಕೆ 5,000 ಡಾಲರ್ ಠೇವಣಿ ಬೇಕಾಗಬಹುದು, ಇಬ್ಬರು ಹೆಣ್ಣುಮಕ್ಕಳ ಸಲುವಾಗಿ ಕೇಳುತ್ತಿದ್ದೇನೆ ಎಂಬುದು ಪತ್ರದ ಸಾರ. ಬರೆದವರು ಒಟ್ಟೊ ಫ್ರಾಂಕ್. ಆ ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಮುಂದೆ ತನ್ನ ದಿನಚರಿಯಿಂದ ಜಗತ್ತಿಗೆಲ್ಲ ಪರಿಚಿತಳಾದ ಆ್ಯನ್ ಫ್ರಾಂಕ್.

ದಿನಚರಿಯನ್ನು ಓದಿದವರಿಗೆ ಪುಸ್ತಕದ ಕಪಾಟಿನ ಹಿಂದಿನ ಅಡಗುತಾಣ ಗೊತ್ತು. ಆ ಅಡಗುತಾಣ ಸೇರುವ ಮುನ್ನ ಈ ತಂದೆ ಎಷ್ಟು ಕಚೇರಿಗಳ ಬಾಗಿಲು ತಟ್ಟಿದ್ದರು, ಎಷ್ಟು ಕಾಗದಪತ್ರಗಳನ್ನು ಹೊಂದಿಸಿದ್ದರು ಎಂಬುದು ಮಾತ್ರ ಬಹುಕಾಲ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಒಟ್ಟೊ ಫ್ರಾಂಕ್ ಹುಟ್ಟಿದ್ದು 1889ರ ಮೇ 12ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನ ಅನುಕೂಲಸ್ಥ ಯಹೂದಿ ಮನೆತನದಲ್ಲಿ. ತಂದೆಯದು ಸ್ವಂತ ಬ್ಯಾಂಕ್ ವ್ಯವಹಾರ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅಲ್ಪಕಾಲ ಓದುತ್ತಿದ್ದಾಗ ಅವರಿಗೆ ಅಮೆರಿಕದ ಶ್ರೀಮಂತ ವರ್ತಕ ಕುಟುಂಬದ ನೇಥನ್ ಸ್ಟ್ರಾಸ್ ಜೂನಿಯರ್ ಅವರ ಸ್ನೇಹವಾಯಿತು. ಆ ಸ್ನೇಹದ ಬಲದಿಂದ 1909ರಲ್ಲಿ ನ್ಯೂಯಾರ್ಕ್‌ಗೆ ತೆರಳಿ ಸ್ಟ್ರಾಸ್ ಕುಟುಂಬದ ಮೇಸೀಸ್ ಮಳಿಗೆಯಲ್ಲಿ ವ್ಯಾಪಾರದ ಅನುಭವ ಪಡೆದರು. ನಡುವೆ ತಂದೆ ತೀರಿಕೊಂಡರು. 1911ರ ಹೊತ್ತಿಗೆ ಒಟ್ಟೊ ಸ್ವದೇಶಕ್ಕೆ ಮರಳಿದ್ದರು. ಅಂದು ಅಮೆರಿಕದಲ್ಲೇ ನೆಲೆ ನಿಲ್ಲಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ಅನ್ನಿಸಲು ಕಾರಣವೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಅವರು ಜರ್ಮನಿಯ ಪರವಾಗಿಯೇ ಪಶ್ಚಿಮ ರಣರಂಗದಲ್ಲಿ ಹೋರಾಡಿ ಲೆಫ್ಟಿನೆಂಟ್ ಹುದ್ದೆಗೇರಿದರು. 1925ರಲ್ಲಿ ಆಖೆನ್ ನಗರದ ಎಡಿತ್ ಹೊಲಾಂಡರ್ ಅವರನ್ನು ವಿವಾಹವಾದರು. 1926ರಲ್ಲಿ ಮಾರ್ಗೊ, 1929ರಲ್ಲಿ ಆ್ಯನ್ ಜನಿಸಿದರು.

1933ರಲ್ಲಿ ಹಿಟ್ಲರ್ ಅಧಿಕಾರ ಹಿಡಿದ ವರ್ಷವೇ ಒಟ್ಟೊ ಗಂಟುಮೂಟೆ ಕಟ್ಟಿದರು. ಈ ವಿಷಯದಲ್ಲಿ ಅವರು ತಡಮಾಡಿದವರಲ್ಲ. ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಜ್ಯಾಮ್ ಗಟ್ಟಿಯಾಗಲು ಬಳಸುವ ಪೆಕ್ಟಿನ್ ಮಾರುವ ಒಪೆಕ್ಟಾ ಸಂಸ್ಥೆಯನ್ನು ಆರಂಭಿಸಿದರು. ಪತ್ನಿ, ಮಕ್ಕಳು ಹಿಂದೆಯೇ ಬಂದು ಸೇರಿದರು. ಕೆಲವು ವರ್ಷಗಳ ನಂತರ ಮಾಂಸದ ಮಸಾಲೆ ಪದಾರ್ಥಗಳ ವ್ಯಾಪಾರವೂ ಸೇರಿಕೊಂಡಿತು. ಬ್ರಿಟನ್‌ನಲ್ಲಿ ವ್ಯಾಪಾರ ಆರಂಭಿಸಲು 1937ರಲ್ಲಿ ಮಾಡಿದ ಯತ್ನ ಕೈಗೂಡಲಿಲ್ಲ.

ಸರದಿಯಲ್ಲಿ ಮೂರು ಲಕ್ಷ ಮಂದಿ

1938ರಲ್ಲಿ ಒಟ್ಟೊ ಮೊದಲ ಬಾರಿಗೆ ರಾಟರ್‌ಡ್ಯಾಮ್‌ನ ಅಮೆರಿಕ ಕಾನ್ಸುಲೇಟ್‌ಗೆ ವೀಸಾ ಅರ್ಜಿ ಸಲ್ಲಿಸಿದರು. ಆ ವರ್ಷದ ನವೆಂಬರ್‌ನಲ್ಲಿ ಜರ್ಮನಿಯಾದ್ಯಂತ ಯಹೂದಿಯರ ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಎಡಿತ್ ಅವರ ಅಣ್ಣ ವಾಲ್ಟರ್ ಬಂಧಿತರಾಗಿ ಸೆರೆಶಿಬಿರ ಸೇರಿದರು. ಬಿಡುಗಡೆಯ ಬಳಿಕ ಅವರೂ, ಮತ್ತೊಬ್ಬ ಅಣ್ಣ ಜೂಲಿಯಸ್ ಅವರೂ 1939ರಲ್ಲಿ ಹೇಗೋ ಅಮೆರಿಕ ತಲುಪಿದರು. ವೃದ್ಧ ತಾಯಿ ರೋಸಾ ಹೊಲಾಂಡರ್ ಆ್ಯಮ್‌ಸ್ಟರ್‌ಡ್ಯಾಮ್‌ನ ಮಗಳ ಮನೆ ಸೇರಿದರು.

ಅಮೆರಿಕದ 1924ರ ಕಾನೂನಿನ ಪ್ರಕಾರ ಪ್ರತಿ ದೇಶಕ್ಕೂ ವರ್ಷಕ್ಕಿಷ್ಟು ವಲಸೆ ವೀಸಾ ಎಂಬ ಕೋಟಾ ನಿಗದಿಯಾಗಿತ್ತು. ಎಣಿಕೆ ನಡೆಯುತ್ತಿದ್ದುದು ಅರ್ಜಿದಾರ ವಾಸಿಸುವ ದೇಶದ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ಹೀಗಾಗಿ ಹಾಲೆಂಡ್‌ನಲ್ಲಿ ಐದು ವರ್ಷ ಕಳೆದಿದ್ದರೂ ಫ್ರಾಂಕ್ ಕುಟುಂಬ ಜರ್ಮನಿಯ ಕೋಟಾಕ್ಕೇ ಸೇರುತ್ತಿತ್ತು. ಆಸ್ಟ್ರಿಯಾವನ್ನೂ ಸೇರಿಸಿ ಆ ಕೋಟಾ ವರ್ಷಕ್ಕೆ 27,370. ಕಾಯುತ್ತಿದ್ದವರ ಪಟ್ಟಿಯಲ್ಲಿ 1939ರ ವೇಳೆಗೆ 3 ಲಕ್ಷಕ್ಕೂ ಹೆಚ್ಚು ಹೆಸರುಗಳಿದ್ದವು. ಸರಳ ಲೆಕ್ಕ ಹಾಕಿದರೂ ಕೊನೆಯವನ ಸರದಿಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಕೋಟಾ ಹೆಚ್ಚಿಸಲು ಅಮೆರಿಕದ ಸಂಸತ್ತಿಗೆ ಮನಸ್ಸಿರಲಿಲ್ಲ. 20,000 ಮಕ್ಕಳನ್ನು ಕೋಟಾದ ಹೊರತಾಗಿ ಕರೆತರುವ ಮಸೂದೆಯೂ 1939ರಲ್ಲಿ ಸಮಿತಿಯ ಹಂತದಲ್ಲೇ ಬಿದ್ದುಹೋಯಿತು.

ಸರದಿ ಬಂದರಷ್ಟೇ ಸಾಲದು. ಬಂದವರು ಸರ್ಕಾರಕ್ಕೆ ಹೊರೆಯಾಗುವುದಿಲ್ಲ ಎಂದು ಅಮೆರಿಕದ ನಿವಾಸಿಯೊಬ್ಬರು ಆಸ್ತಿ, ಆದಾಯದ ವಿವರ ಸಹಿತ ಅಫಿಡವಿಟ್ ಕೊಡಬೇಕು. ಜನನ ಪತ್ರ, ವಿವಾಹ ಪತ್ರ, ಪೊಲೀಸರಿಂದ ಸನ್ನಡತೆಯ ಪತ್ರ, ಹಡಗಿನ ಟಿಕೆಟ್, ದೇಶ ಬಿಡಲು ಅನುಮತಿ, ದಾರಿಯಲ್ಲಿ ಸಿಗುವ ದೇಶಗಳ ವೀಸಾ ಎಲ್ಲವೂ ಒಂದೇ ಅವಧಿಯಲ್ಲಿ ಊರ್ಜಿತವಾಗಿರಬೇಕು. ಒಂದು ಸಿಗುವಷ್ಟರಲ್ಲಿ ಮತ್ತೊಂದರ ಗಡುವು ಮುಗಿದಿರುತ್ತಿತ್ತು. ಚೆನ್ನೈನ ಕಾನ್ಸುಲೇಟ್ ಮುಂದೆ ಕಡತ ಹಿಡಿದು ಸರದಿ ನಿಂತ ಬೆಂಗಳೂರಿಗರಿಗೆ ಈ ಪಟ್ಟಿ ಅಪರಿಚಿತವೇನಲ್ಲ. ಆದರೆ ಒಟ್ಟೊ ಅವರ ಬೆನ್ನ ಹಿಂದೆ ಇದ್ದುದು ಯುದ್ಧ.

1940ರ ಮೇ 10ರಂದು ಜರ್ಮನಿ ಹಾಲೆಂಡ್ ಮೇಲೆ ದಾಳಿ ಮಾಡಿತು. ಮೇ 14ರಂದು ರಾಟರ್‌ಡ್ಯಾಮ್ ನಗರದ ಮೇಲೆ ಬಾಂಬ್‌ಗಳ ಮಳೆಯಾಯಿತು. ಅಮೆರಿಕ ಕಾನ್ಸುಲೇಟ್‌ನಲ್ಲಿದ್ದ ವೀಸಾ ಅರ್ಜಿಗಳು ಸುಟ್ಟು ಬೂದಿಯಾದವು. ಒಟ್ಟೊ ಎರಡು ವರ್ಷ ಕಾದಿದ್ದ ಅರ್ಜಿಯೂ ಅದರಲ್ಲಿ ಹೋಯಿತು. ಹಿಂದೆ ಅರ್ಜಿ ಹಾಕಿದ್ದವರು ಅದಕ್ಕೆ ಪುರಾವೆ ತೋರಿಸಿ ಕಾಗದಗಳನ್ನೆಲ್ಲ ಮತ್ತೆ ಒದಗಿಸಬೇಕಾಯಿತು.

ಗೆಳೆಯನ ಪ್ರಭಾವವೂ ನಡೆಯಲಿಲ್ಲ

ಆಕ್ರಮಣದ ಮೊದಲ ತಿಂಗಳುಗಳಲ್ಲಿ ಬದುಕು ಹೇಗೋ ಸಾಗಿತ್ತು. 1941ರ ಫೆಬ್ರವರಿಯಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನ ಬೀದಿಗಳಿಂದ 400ಕ್ಕೂ ಹೆಚ್ಚು ಯಹೂದಿ ಯುವಕರನ್ನು ಹಿಡಿದೊಯ್ದಾಗ ಮುಂದಿನ ದಿನಗಳ ಸುಳಿವು ಸಿಕ್ಕಿತು. ಅದೇ ಏಪ್ರಿಲ್ 18ರಂದು ಡಚ್ ನಾಜಿ ಪಕ್ಷದ ಯುವಕನೊಬ್ಬ ಒಟ್ಟೊ ಅವರ ಕಚೇರಿಗೆ ಬಂದ. ಯುದ್ಧ ಬೇಗ ಮುಗಿಯಲಾರದೆಂದು ಒಟ್ಟೊ ಪರಿಚಿತರೊಬ್ಬರ ಬಳಿ ಆಡಿದ್ದ ಮಾತನ್ನು ದೂರಿನ ರೂಪದಲ್ಲಿ ಬರೆದಿದ್ದ ಪತ್ರ ಅವನ ಕೈಯಲ್ಲಿತ್ತು. ಅದು ಅಧಿಕಾರಿಗಳ ಕೈ ಸೇರಿದ್ದರೆ ಬಂಧನ ಖಚಿತವಾಗಿತ್ತು. ಒಟ್ಟೊ ಅವನಿಗೆ ಹಣ ಕೊಟ್ಟು ಪಾರಾದರು. ಸ್ಟ್ರಾಸ್ ಅವರಿಗೆ ಪತ್ರ ಬರೆದದ್ದು ಇದಾದ ಹನ್ನೆರಡು ದಿನಗಳಿಗೆ.

ನೇಥನ್ ಸ್ಟ್ರಾಸ್ ಆಗ ಅಮೆರಿಕದ ಒಕ್ಕೂಟ ಸರ್ಕಾರದ ವಸತಿ ಪ್ರಾಧಿಕಾರದ ಮುಖ್ಯಸ್ಥರು. ಅಧ್ಯಕ್ಷ ರೂಸ್‌ವೆಲ್ಟ್ ಆಡಳಿತದ ಭಾಗವಾಗಿದ್ದವರು. ಅವರು ಗೆಳೆಯನನ್ನು ಮರೆಯಲಿಲ್ಲ. ನಿರಾಶ್ರಿತರ ನೆರವಿಗಾಗಿದ್ದ ರಾಷ್ಟ್ರೀಯ ಸೇವಾ ಸಂಸ್ಥೆಯನ್ನೂ, ವಿದೇಶಾಂಗ ಇಲಾಖೆಯನ್ನೂ ಸಂಪರ್ಕಿಸಿದರು. ಕಾರ್ಖಾನೆ ಕೆಲಸ ಮಾಡಿಕೊಂಡಿದ್ದ ಜೂಲಿಯಸ್ ಮತ್ತು ವಾಲ್ಟರ್ ತಮ್ಮ ಅಲ್ಪ ಉಳಿತಾಯದಲ್ಲೇ ಪ್ರಯಾಣದ ವೆಚ್ಚ ಭರಿಸಲು ಮುಂದಾದರು. ಅವರ ಮಾಲೀಕರು ಜಾಮೀನು ನಿಲ್ಲಲು ಒಪ್ಪಿದರು. ಹಣಕ್ಕೂ, ಪ್ರಭಾವಕ್ಕೂ, ಮನಸ್ಸಿಗೂ ಕೊರತೆ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇಷ್ಟೆಲ್ಲ ಇದ್ದವರ ಪಾಡೇ ಹೀಗಾದರೆ ಅಮೆರಿಕದಲ್ಲಿ ಯಾರ ಪರಿಚಯವೂ ಇಲ್ಲದ ಸಾವಿರಾರು ಅರ್ಜಿದಾರರ ಪಾಡೇನು?

ಆ ಬೇಸಿಗೆಯಲ್ಲಿ ನಿಯಮಗಳು ಒಂದರ ಮೇಲೊಂದು ಬದಲಾದವು. ನಿರಾಶ್ರಿತರ ವೇಷದಲ್ಲಿ ಬೇಹುಗಾರರು ನುಸುಳಬಹುದೆಂಬ ಭೀತಿ ವಾಷಿಂಗ್ಟನ್‌ನಲ್ಲಿ ಬಲವಾಗಿತ್ತು. ಜರ್ಮನಿಯ ಹಿಡಿತದ ಪ್ರದೇಶದಲ್ಲಿ ಹತ್ತಿರದ ಬಂಧುಗಳನ್ನು ಬಿಟ್ಟು ಬರುವವರನ್ನು ಬೆದರಿಸಿ ಗೂಢಚರ್ಯೆ ಮಾಡಿಸಬಹುದೆಂಬ ತರ್ಕದ ಮೇಲೆ, ಅಂಥವರಿಗೆ ವೀಸಾ ನಿರ್ಬಂಧಿಸುವ ಆದೇಶ 1941ರ ಜೂನ್‌ನಲ್ಲಿ ಹೊರಬಿತ್ತು. ಕಾನ್ಸುಲ್ ಅಧಿಕಾರಿಗಳ ಕೈಯಲ್ಲಿದ್ದ ತೀರ್ಮಾನ ವಾಷಿಂಗ್ಟನ್‌ನ ಸಮಿತಿಗಳಿಗೆ ಹೋಯಿತು. ಅಷ್ಟರಲ್ಲಿ ಅಮೆರಿಕ ತನ್ನ ನೆಲದಲ್ಲಿದ್ದ ಜರ್ಮನ್ ಕಾನ್ಸುಲೇಟ್‌ಗಳನ್ನು ಮುಚ್ಚಿಸಿತು. ಪ್ರತಿಯಾಗಿ ಜರ್ಮನಿಯೂ ತನ್ನ ವಶದ ಪ್ರದೇಶಗಳಲ್ಲಿನ ಅಮೆರಿಕ ಕಚೇರಿಗಳಿಗೆ ಬೀಗ ಹಾಕಿಸಿತು. ಜುಲೈ ಮಧ್ಯದ ವೇಳೆಗೆ ಹಾಲೆಂಡ್‌ನಲ್ಲಿ ಅಮೆರಿಕದ ವೀಸಾ ಕೊಡುವವರೇ ಇರಲಿಲ್ಲ. ವೀಸಾ ಬೇಕಿದ್ದರೆ ಸ್ಪೇನ್ ಅಥವಾ ಪೋರ್ಚುಗಲ್‌ನಂಥ ತಟಸ್ಥ ದೇಶ ತಲುಪಬೇಕು. ಅಲ್ಲಿಗೆ ಹೋಗಲು ಜರ್ಮನ್ನರ ಅನುಮತಿ ಬೇಕು. ಮುಂದೆ ಹೋಗುವ ದೇಶದ ವೀಸಾ ತೋರಿಸದೆ ಆ ಅನುಮತಿ ಸಿಗುವಂತಿರಲಿಲ್ಲ.

ಉಳಿದದ್ದು ಕ್ಯೂಬಾದ ದಾರಿ. ಅದು ದುಬಾರಿ, ವಂಚಕರೂ ಹೆಚ್ಚು. 1939ರಲ್ಲಿ 937 ಪ್ರಯಾಣಿಕರೊಂದಿಗೆ ಹವಾನಾ ತಲುಪಿದ್ದ ಸೇಂಟ್ ಲೂಯಿಸ್ ಹಡಗಿನ ಬಹುತೇಕ ನಿರಾಶ್ರಿತರನ್ನು ಅಲ್ಲಿಂದ ಹಿಂದಕ್ಕೆ ಅಟ್ಟಿದ್ದ ಕಥೆ ಎಲ್ಲರಿಗೂ ನೆನಪಿತ್ತು. ಆದರೂ ಒಟ್ಟೊ, ಮೊದಲು ತಾವೊಬ್ಬರೇ ಹೋಗಿ ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಆಸೆಯಿಂದ ಅರ್ಜಿ ಹಾಕಿದರು. ಈ ನಡುವೆ ನವೆಂಬರ್ 25ರ ಆದೇಶದಿಂದ ಜರ್ಮನಿಯ ಹೊರಗಿದ್ದ ಜರ್ಮನ್ ಯಹೂದಿಯರೆಲ್ಲ ಪೌರತ್ವ ಕಳೆದುಕೊಂಡರು. ಕೈಸರನ ಸೇನೆಯ ಮಾಜಿ ಲೆಫ್ಟಿನೆಂಟ್ ಈಗ ಯಾವ ದೇಶದವರೂ ಅಲ್ಲ.

ಡಿಸೆಂಬರ್ 1ರಂದು ಒಟ್ಟೊ ಅವರ ಹೆಸರಿಗೆ ಒಂದೇ ಒಂದು ಕ್ಯೂಬಾ ವೀಸಾ ಮಂಜೂರಾಯಿತು. ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಎರಗಿತು. 11ರಂದು ಜರ್ಮನಿ ಅಮೆರಿಕದ ವಿರುದ್ಧ ಯುದ್ಧ ಸಾರಿತು. ಅಂದೇ ಆ ವೀಸಾ ರದ್ದಾಯಿತು. ಅದು ಒಟ್ಟೊ ಕೈ ತಲುಪಿತ್ತೇ ಎಂಬುದಕ್ಕೆ ದಾಖಲೆ ಇಲ್ಲ.

ಅಡಗುತಾಣದ ನಂತರ

1942ರ ಜನವರಿಯಲ್ಲಿ ಅಜ್ಜಿ ರೋಸಾ ತೀರಿಕೊಂಡರು. ಅದೇ ತಿಂಗಳು ಒಟ್ಟೊ ನಾಲ್ವರ ಹೆಸರಿನಲ್ಲಿ ವಲಸೆಗೆ ಮತ್ತೊಂದು ಅರ್ಜಿ ಸಲ್ಲಿಸಿದ್ದರು. ಅದರಿಂದ ಏನೂ ಆಗಲಿಲ್ಲ. ಆ ವೇಳೆಗೆ ಅವರು ಪ್ರಿನ್ಸೆನ್‌ಗ್ರಾಖ್ಟ್ 263ರ ಕಚೇರಿಯ ಹಿಂಬದಿಯ ಕೊಠಡಿಗಳನ್ನು ಸದ್ದಿಲ್ಲದೆ ಸಜ್ಜುಗೊಳಿಸತೊಡಗಿದರು. ಜುಲೈ 5ರಂದು ಹದಿನಾರರ ಮಾರ್ಗೊಗೆ ಜರ್ಮನಿಯ ದುಡಿಮೆ ಶಿಬಿರಕ್ಕೆ ಹಾಜರಾಗಲು ಆದೇಶ ಬಂತು. ಮರುದಿನ ಬೆಳಿಗ್ಗೆ ಕುಟುಂಬ ಅಲ್ಲಿಗೆ ಸೇರಿತು. ಮುಂದಿನ ಎರಡು ವರ್ಷಗಳ ವೃತ್ತಾಂತ ಆ್ಯನ್ ದಿನಚರಿಯಲ್ಲಿದೆ.

1944ರ ಆಗಸ್ಟ್ 4ರಂದು ಅಡಗಿದ್ದ ಎಂಟೂ ಮಂದಿ ಬಂಧಿತರಾದರು. ಸೆಪ್ಟೆಂಬರ್ 3ರಂದು ವೆಸ್ಟರ್‌ಬೋರ್ಕ್ ಶಿಬಿರದಿಂದ ಆಶ್‌ವಿಟ್ಜ್‌ಗೆ ಹೊರಟ ಕೊನೆಯ ರೈಲಿನಲ್ಲಿ ಅವರನ್ನು ತುಂಬಲಾಯಿತು. ಎಡಿತ್ 1945ರ ಜನವರಿ 6ರಂದು ಅಲ್ಲಿಯೇ ಅಸುನೀಗಿದರು. ಮೂರು ವಾರಗಳ ಬಳಿಕ ಸೋವಿಯತ್ ಸೇನೆ ಶಿಬಿರ ತಲುಪಿದಾಗ ಒಟ್ಟೊ ಆಸ್ಪತ್ರೆಯ ಬ್ಯಾರಕ್‌ನಲ್ಲಿ ಜೀವಂತವಾಗಿದ್ದರು. ಒಡೆಸ್ಸಾ, ಮಾರ್ಸೆಲ್ ಬಂದರುಗಳ ಮೂಲಕ ಸುತ್ತಿ ಜೂನ್ 3ರಂದು ಆ್ಯಮ್‌ಸ್ಟರ್‌ಡ್ಯಾಮ್ ಸೇರಿದರು. ಹೆಂಡತಿ ಇಲ್ಲವೆಂಬುದು ದಾರಿಯಲ್ಲೇ ತಿಳಿದಿತ್ತು. ಮಕ್ಕಳಿಬ್ಬರೂ ಬೆರ್ಗೆನ್-ಬೆಲ್ಸೆನ್‌ನಲ್ಲಿ ತೀರಿಕೊಂಡ ಸುದ್ದಿ ಜುಲೈನಲ್ಲಿ ಬಂತು. ಎಂಟು ಮಂದಿಯಲ್ಲಿ ಬದುಕುಳಿದವರು ಅವರೊಬ್ಬರೇ. ಕಚೇರಿಯ ಸಹಾಯಕಿ ಮೀಪ್ ಗೀಸ್ ಜೋಪಾನ ಮಾಡಿದ್ದ ಆ್ಯನ್‌ಳ ಕಾಗದಗಳನ್ನು ಅವರ ಕೈಗಿತ್ತರು.

1947ರ ಜೂನ್‌ನಲ್ಲಿ ಡಚ್ ಭಾಷೆಯಲ್ಲಿ ಪ್ರಕಟವಾದ ದಿನಚರಿಯ ಮೊದಲ ಮುದ್ರಣ 3,036 ಪ್ರತಿಗಳು. ಮಗಳ ಬರಹದಿಂದ ತಂದೆ ಲೋಕಪ್ರಸಿದ್ಧರಾದರು. ಡಚ್ ಪೌರತ್ವ ಸಿಗಲು ಮಾತ್ರ 1949ರವರೆಗೆ ಕಾಯಬೇಕಾಯಿತು. 1953ರಲ್ಲಿ, ತಮ್ಮಂತೆಯೇ ಆಶ್‌ವಿಟ್ಜ್‌ನಿಂದ ಬದುಕಿ ಬಂದ ಎಲ್‌ಫ್ರೀಡೆ ಗೈರಿಂಗರ್ ಅವರನ್ನು ವಿವಾಹವಾಗಿ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ನೆಲೆಸಿದರು. ಓದುಗರ ಸಾವಿರಾರು ಪತ್ರಗಳಿಗೆ ಉತ್ತರಿಸುವುದೇ ಅವರ ಮುಂದಿನ ಕಾಯಕವಾಯಿತು. 1980ರ ಆಗಸ್ಟ್ 19ರಂದು, 91ನೇ ವಯಸ್ಸಿನಲ್ಲಿ ನಿಧನರಾದರು.

ವೀಸಾ ಕಡತ ಬೆಳಕಿಗೆ ಬಂದದ್ದು ಅವರು ತೀರಿಕೊಂಡ ಕಾಲು ಶತಮಾನದ ಬಳಿಕ. ನ್ಯೂಯಾರ್ಕ್‌ನ ಯಿವೊ ಯಹೂದಿ ಸಂಶೋಧನಾ ಸಂಸ್ಥೆಯ ಉಗ್ರಾಣದಲ್ಲಿದ್ದ ನಿರಾಶ್ರಿತರ ದಾಖಲೆಗಳ ನಡುವೆ 2005ರಲ್ಲಿ ಸ್ವಯಂಸೇವಕಿಯೊಬ್ಬರ ಕಣ್ಣಿಗೆ ಅದು ಬಿತ್ತು. ಸುಮಾರು 80 ಪುಟಗಳ ಆ ಕಡತವನ್ನು ಸಂಸ್ಥೆ 2007ರ ಫೆಬ್ರವರಿಯಲ್ಲಿ ಸಾರ್ವಜನಿಕರ ಮುಂದಿಟ್ಟಿತು. ಆ್ಯನ್ ಫ್ರಾಂಕ್ ಹೌಸ್ ಮತ್ತು ಅಮೆರಿಕದ ಹೊಲೊಕಾಸ್ಟ್ ಸ್ಮಾರಕ ಸಂಗ್ರಹಾಲಯ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫ್ರಾಂಕ್ ಕುಟುಂಬಕ್ಕೆ ಅಮೆರಿಕ ವೀಸಾ ನಿರಾಕರಿಸಿದ ದಾಖಲೆಯೇ ಇಲ್ಲ. ಅವರ ಅರ್ಜಿ ತೀರ್ಮಾನದ ಹಂತಕ್ಕೇ ತಲುಪಲಿಲ್ಲ.

ಕಡತದ ಕೊನೆಯ ಕಾಗದಗಳು ಯುದ್ಧ ಮುಗಿದ ನಂತರದವು. ಸೋದರಮಾವ ಜೂಲಿಯಸ್ ತಂಗಿಯ ಮಕ್ಕಳ ಸುಳಿವಿಗಾಗಿ ವಿಚಾರಿಸಿದ್ದಾರೆ. ಬಳಿಕ, ಒಟ್ಟೊ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲೇ ಉಳಿಯಲು ಬಯಸಿದ್ದಾರೆ ಎಂದು ತಿಳಿಸಿದ್ದಾರೆ.