ಪತ್ರಿಕಾ ಸ್ವಾತಂತ್ರ್ಯ ಮತ್ತು ಡಿ.ವಿ.ಜಿ. ಅವರ ಬದುಕು

ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಡಿ.ವಿ.ಗುಂಡಪ್ಪನವರು ಮುಖ್ಯವಾಗಿ ‘ಮಂಕುತಿಮ್ಮನ ಕಗ್ಗ’ದ (1943) ಕವಿಯಾಗಿ, ‘ಜ್ಞಾಪಕ ಚಿತ್ರಶಾಲೆ’ಯ ಗದ್ಯಕಾರರಾಗಿ ನೆಲೆಗೊಂಡಿದ್ದಾರೆ. ಅವರು ಬದುಕಿಗೆ ಆರಿಸಿಕೊಂಡ ವೃತ್ತಿ ಮಾತ್ರ ಪತ್ರಿಕೋದ್ಯಮ. ಕವಿಯ ಕೀರ್ತಿಯಲ್ಲಿ ಪತ್ರಕರ್ತ ಮರೆಯಾದುದರಿಂದ, ಪ್ರಭುತ್ವ ಮತ್ತು ಪತ್ರಿಕೆಗಳ ಸಂಬಂಧವನ್ನು ಕುರಿತು ಅವರ ಬದುಕು ಎತ್ತುವ ಪ್ರಶ್ನೆಗಳೂ ಹಿನ್ನೆಲೆಗೆ ಸರಿದಿವೆ. ಆ ಪ್ರಶ್ನೆಗಳ ನೆಲೆಯಿಂದ ಅವರ ಜೀವನವನ್ನು ಮರಳಿ ನೋಡುವುದು ಅಗತ್ಯವಾಗಿದೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಜನಿಸಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮೇಲೆ ಔಪಚಾರಿಕ ಶಿಕ್ಷಣ ನಿಂತುಹೋಯಿತು. ಸಣ್ಣಪುಟ್ಟ ಕೆಲಸಗಳನ್ನು ಮಾಡಿ, ಬೆಂಗಳೂರಿಗೆ ಬಂದು, ‘ಸೂರ್ಯೋದಯ ಪ್ರಕಾಶಿಕ’ದ ಮೂಲಕ ಪತ್ರಿಕಾರಂಗವನ್ನು ಪ್ರವೇಶಿಸಿದರು. ಇಪ್ಪತ್ತರ ಹರೆಯದ ಈ ತರುಣನ ವೃತ್ತಿಜೀವನದ ಆರಂಭದಲ್ಲಿಯೇ 1908ರ ಮೈಸೂರು ವೃತ್ತಪತ್ರಿಕಾ ನಿಬಂಧನೆ ಜಾರಿಗೆ ಬಂದಿತು.

ಈ ನಿಬಂಧನೆಯ ಸಂದರ್ಭ ಗಮನಾರ್ಹವಾದುದು. ಅದೇ ವರ್ಷ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಆರು ವರ್ಷಗಳ ಶಿಕ್ಷೆಯಾಗಿ, ಅವರನ್ನು ಮಂಡಾಲೆಗೆ ಕಳುಹಿಸಲಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ಪತ್ರಿಕೆಗಳ ವಿರುದ್ಧ ಹೊಸ ಕಾಯಿದೆ ಬಂದಿತು. ಆ ಬಿಗಿಯನ್ನೇ ಮೈಸೂರು ಸಂಸ್ಥಾನವೂ ಅನುಸರಿಸಿತು. ದಿವಾನ್ ವಿ.ಪಿ.ಮಾಧವರಾಯರ ಕಾಲದಲ್ಲಿ, 1907ರಲ್ಲಿ, ನ್ಯಾಯವಿಧಾಯಕ ಸಭೆ ರೂಪುಗೊಂಡಿತ್ತು. ಪ್ರಜಾಭಿಪ್ರಾಯಕ್ಕೆ ದಾರಿ ಮಾಡಬೇಕಾಗಿದ್ದ ಆ ವ್ಯವಸ್ಥೆ ಹುಟ್ಟಿದ ಮರುವರ್ಷವೇ ಪ್ರಜಾಭಿಪ್ರಾಯದ ವಾಹಕವಾದ ಪತ್ರಿಕೆಗಳಿಗೆ ಕಡಿವಾಣ ಬಿದ್ದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ್ದೇ ಆಗಿತ್ತು. ‘ತಾತಯ್ಯ’ ಎಂದೇ ಪ್ರಸಿದ್ಧರಾಗಿದ್ದ ಎಂ.ವೆಂಕಟಕೃಷ್ಣಯ್ಯನವರು ಈ ಷರತ್ತಿಗೆ ತಲೆಬಾಗುವುದಕ್ಕಿಂತ ತಮ್ಮ ಪತ್ರಿಕೆಗಳನ್ನು ನಿಲ್ಲಿಸುವುದೇ ಲೇಸೆಂದು ಬಗೆದರು. ನಿಲ್ಲಿಸುವುದೂ ಒಂದು ಪ್ರತಿಭಟನೆಯಾಗಿತ್ತು. ಆದರೆ ತರುಣ ಗುಂಡಪ್ಪನವರ ಪಾಲಿಗೆ ಪತ್ರಿಕೆ ನಿಲ್ಲುವುದೆಂದರೆ ತತ್ತ್ವದ ಪ್ರಶ್ನೆಯೊಂದಿಗೆ ಅನ್ನದ ಪ್ರಶ್ನೆಯೂ ಆಗಿತ್ತು.

ತಾತಯ್ಯನವರ ದಾರಿಗಿಂತ ಭಿನ್ನವಾದ ದಾರಿಯನ್ನು ಡಿ.ವಿ.ಜಿ. ಅವರು ಮುಂದೆ ಆರಿಸಿಕೊಂಡರು. 1910ರ ದಶಕದಲ್ಲಿ ಅವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನು ನಡೆಸಿದರು. ಆಗ ವಿಶ್ವೇಶ್ವರಯ್ಯನವರು ದಿವಾನರು (1912–1918). ತಾವು ಒಪ್ಪದ ಕಾನೂನಿನ ಅಡಿಯಲ್ಲಿಯೇ ಪತ್ರಿಕೆ ನಡೆಸಬೇಕಾದ ಸಂದಿಗ್ಧ ಅವರದಾಗಿತ್ತು. ಇದನ್ನು ರಾಜಿಯೆಂದು ಕರೆಯಬಹುದೇ ಎಂಬ ಪ್ರಶ್ನೆಗೆ ಅವರ ಮುಂದಿನ ನಡವಳಿಕೆಯೇ ಉತ್ತರವಾಗಿದೆ. ದಿವಾನರೊಡನೆ ಆತ್ಮೀಯ ಒಡನಾಟವಿದ್ದರೂ ಸರ್ಕಾರದಿಂದ ಹಣ ಪಡೆಯಲು ಅವರು ಸಿದ್ಧರಿರಲಿಲ್ಲ. ದಸರಾ ವರದಿಗಾಗಿ ಬಂದ ಸಂಭಾವನೆಯನ್ನು ಅವರು ಒಲ್ಲೆನೆಂದ ಸಂಗತಿ ಪ್ರಸಿದ್ಧವಾಗಿದೆ. ಪತ್ರಿಕೆಯ ಬಾಯಿ ಮುಚ್ಚಿಸಲು ಕಾನೂನಿನಂತೆಯೇ ಕೃಪೆಯೂ ಸಾಕು ಎಂಬ ಅರಿವು ಈ ನಿರಾಕರಣೆಯ ಹಿಂದಿದೆ ಎನ್ನಬಹುದು.

ಈ ನಿಲುವಿನ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಪತ್ನಿ ಭಾಗೀರಥಮ್ಮನವರು ಉಡಲು ಹರಿಯದ ಸೀರೆಯಿಲ್ಲದೆ, ತಮ್ಮನ್ನು ಆ ಸ್ಥಿತಿಯಲ್ಲಿ ಕಂಡವರು ಪತಿಯನ್ನು ಹಗುರವಾಗಿ ಭಾವಿಸಬಾರದೆಂದು, ಬಂಧುಗಳ ಮನೆಯ ಸಮಾರಂಭಕ್ಕೆ ಹೋಗದೆ ಉಳಿದ ಪ್ರಸಂಗವನ್ನು ಅವರ ಜೀವನವನ್ನು ಬರೆದವರು ನೆನೆಯುತ್ತಾರೆ. ಸಂಪಾದಕನ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಮನೆಯ ಹೆಂಗಸಿನ ಬಡತನವೂ ಒಂದು ಅಧ್ಯಾಯವೆಂಬುದನ್ನು ನಮ್ಮ ಅಧ್ಯಯನಗಳು ಇನ್ನೂ ಸಾಕಷ್ಟು ಗಮನಿಸಿಲ್ಲ.

1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಕರ್ನಾಟಕ ವೃತ್ತಪತ್ರಿಕಾಕರ್ತರ ಮೊದಲ ಸಮ್ಮೇಳನಕ್ಕೆ ಡಿ.ವಿ.ಜಿ. ಅಧ್ಯಕ್ಷರಾದರು. ಬಾಗಲಕೋಟೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಧ್ಯಕ್ಷರು ಮೈಸೂರು ಸಂಸ್ಥಾನದವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹುಟ್ಟಿದ ಕರಾವಳಿ, ಉಡುಪಿಯ ಸೀಮೆಯೂ ಸೇರಿದಂತೆ, ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರಿನ ಸಂಪಾದಕರು ಬ್ರಿಟಿಷ್ ಸರ್ಕಾರದ ಕಾನೂನಿಗೆ ಅಂಜಬೇಕಾದರೆ, ಬೆಂಗಳೂರಿನವರು ದಿವಾನರ ಅನುಮತಿಗೆ ಕಾಯಬೇಕಾಗಿತ್ತು. ಹಲವು ಆಡಳಿತಗಳಲ್ಲಿ ಹರಿದುಹೋಗಿದ್ದ ನಾಡಿನ ಪತ್ರಕರ್ತರು ಒಂದೆಡೆ ಸೇರಿದ್ದು ಏಕೀಕರಣದ ದೃಷ್ಟಿಯಿಂದಲೂ ಮುಖ್ಯ. ಅವರ ‘ವೃತ್ತಪತ್ರಿಕೆ’ ಈ ವಿಷಯವನ್ನು ಕುರಿತ ಕನ್ನಡದ ಮೊದಮೊದಲ ಪುಸ್ತಕಗಳಲ್ಲಿ ಒಂದು.

1940ರವರೆಗೆ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಸ್ಥಾಪಕರಾಗಿ, ಅದರ ‘ಪಬ್ಲಿಕ್ ಅಫೇರ್ಸ್’ ಪತ್ರಿಕೆಯ ಸಂಪಾದಕರಾಗಿ ಅವರು ದುಡಿದರು. 1970ರಲ್ಲಿ ನಾಡು ಅರ್ಪಿಸಿದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಸಂಸ್ಥೆಗೇ ಒಪ್ಪಿಸಿದರು.

ಡಿ.ವಿ.ಜಿ. ಅವರು ತೀರಿಕೊಂಡಿದ್ದು 1975ರ ಅಕ್ಟೋಬರ್ 7ರಂದು, ತಮ್ಮ 88ನೆಯ ವಯಸ್ಸಿನಲ್ಲಿ. ಆ ವರ್ಷದ ಜೂನ್‌ನಲ್ಲಿ ಘೋಷಿತವಾದ ತುರ್ತು ಪರಿಸ್ಥಿತಿಯಿಂದಾಗಿ ದೇಶದ ಪತ್ರಿಕೆಗಳೆಲ್ಲ ಸೆನ್ಸಾರ್ ಅಧೀನದಲ್ಲಿದ್ದವು. 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ಯನ್ನು ಕಾಯುತ್ತಿದ್ದ ಕಡಿಯಾಳಿ, ಕಾಪು, ಕಾರ್ಕಳಗಳ ಓದುಗರಿಗೂ ಆ ದಿನಗಳಲ್ಲಿ ಸಿಗುತ್ತಿದ್ದುದು ಪ್ರಭುತ್ವದ ನೆರಳು ಬಿದ್ದ ಸುದ್ದಿಯೇ. ಅರಸೊತ್ತಿಗೆಯ ನಿಬಂಧನೆಯಡಿ ಆರಂಭವಾದ ವೃತ್ತಿಜೀವನ ಪ್ರಜಾಸತ್ತೆಯ ಸೆನ್ಸಾರಿನ ಕಾಲದಲ್ಲಿ ಮುಗಿದುದು ಕೇವಲ ಕಾಕತಾಳೀಯವಾದರೂ, ಪ್ರಭುತ್ವದ ಸ್ವರೂಪ ಬದಲಾದ ಮಾತ್ರಕ್ಕೆ ಅದರ ಅಂಜಿಕೆ ಬದಲಾಗದೆಂಬುದನ್ನು ಅದು ತೋರಿಸುತ್ತದೆ.

ವಿಶ್ವಸಂಸ್ಥೆಯು 1948ರ ಮಾನವ ಹಕ್ಕುಗಳ ಘೋಷಣೆಯ 19ನೆಯ ವಿಧಿಯಲ್ಲಿ ಅಭಿವ್ಯಕ್ತಿಯ ಹಕ್ಕನ್ನು ಸಾರಿತು; 1993ರಲ್ಲಿ ಮೇ 3ನ್ನು ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನವೆಂದು ಘೋಷಿಸಿತು; 2012ರಲ್ಲಿ ಪತ್ರಕರ್ತರ ಸುರಕ್ಷತೆಗೆ ಕ್ರಿಯಾಯೋಜನೆಯನ್ನು ಒಪ್ಪಿಕೊಂಡಿತು. ಆದರೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರು ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಡಿ.ವಿ.ಜಿ. ಎದುರಿಸಿದ್ದು ಅನುಮತಿಪತ್ರವನ್ನು, ಅವರಿಗೆ ಕಳೆದುಕೊಳ್ಳಲು ಇದ್ದುದು ಪತ್ರಿಕೆ, ಪ್ರಾಣವಲ್ಲ. ಈ ಅಂತರವನ್ನು ಮರೆತು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಾಗದು. ಆದರೆ ಬರೆಯುವವನು ಯಾರ ಅಪ್ಪಣೆಗೆ ಕಾಯಬೇಕು ಎಂಬ ಪ್ರಶ್ನೆ ಎರಡು ಕಾಲಗಳಿಗೂ ಸಮಾನವಾದುದು. ಕಗ್ಗದ ಕವಿಯನ್ನು ಪಾಠ ಹೇಳುವಾಗ ಈ ಪ್ರಶ್ನೆಯನ್ನು ಹೊತ್ತು ಬದುಕಿದ ಪತ್ರಕರ್ತನನ್ನೂ ತರಗತಿಗೆ ಕರೆತರಬೇಕಾಗಿದೆ.