ಮಹಾದಾಸೋಹಿ ಶ್ರೀ ಶರಣಬಸವೇಶ್ವರರು

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು, ದೇವದುರ್ಗ, ಮಾನವಿ ಸೀಮೆಗಳಲ್ಲಿ ಒಕ್ಕಲಿಗನ ಮನೆಗೆ ಎತ್ತೇ ಸಿರಿ. ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣವಿಟ್ಟು, ಕರಿ ಹರಿಯುವರು. ಮಣ್ಣೆತ್ತಿನ ಅಮವಾಸ್ಯೆಯಂದು ಕರೀಮಣ್ಣಿನ ಬಸವನನ್ನು ಮಾಡಿ ಪೂಜಿಸುವರು. ಶ್ರಾವಣ ಬಂದಿತೆಂದರೆ ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಕಲಬುರ್ಗಿಯ ಶರಣಬಸವೇಶ್ವರರ ಪುರಾಣವು ಮೊದಲಾಗುವದು. ಮೂಕಪ್ರಾಣಿಗಳನ್ನು ಪೂಜಿಸುವ ಜನಕ್ಕೆ, ಮೂಕಪ್ರಾಣಿಗಳಿಗೆ ಉಣಬಡಿಸಿದ ಶರಣನ ಕಥೆಯು ಪ್ರಿಯವಾದುದು ಸಹಜವೇ ಸರಿ.

ಈ ಪುಣ್ಯಪುರುಷರು 1746ರಲ್ಲಿ ಕಲಬುರ್ಗಿ ಸೀಮೆಯ ಅರಳಗುಂಡಗಿ ಗ್ರಾಮದಲ್ಲಿ ಅವತರಿಸಿದರು. ತಂದೆ ಮಲಕಪ್ಪನವರು, ತಾಯಿ ಸಂಗಮ್ಮನವರು. ಒಕ್ಕಲುತನವೇ ಆ ಮನೆಯ ಕಾಯಕ. ಲಿಂಗಪೂಜೆ ಜಂಗಮಸೇವೆಗಳ ನಡುವೆ ಬೆಳೆದ ಬಾಲಕನಿಗೆ ದಯವೇ ಹುಟ್ಟುಗುಣವಾಯಿತು.

ಹೊಲ ಕಾಯಲು ಹೋದ ಅವರ ಕಥೆಯನ್ನು ಭಕ್ತರು ಇಂದಿಗೂ ಕಣ್ಣೀರು ತುಂಬಿ ಕೇಳುವರು. ಜೋಳವು ತೆನೆಗಟ್ಟಿದ ಕಾಲ. ನೆರೆಹೊಲದವರು ಕವಣೆ ಬೀಸಿ ಹಕ್ಕಿಗಳನ್ನು ಹೊಡೆದೋಡಿಸುತ್ತಿದ್ದರೆ, ಶರಣರು ಅವುಗಳನ್ನು ಅತಿಥಿಗಳೆಂದು ಬಗೆದು, ಮನದಣಿಯೆ ತಿನ್ನಗೊಟ್ಟು, ಕುಡಿಯಲು ನೀರನ್ನೂ ಇಡಿಸಿದರು. ಬೆಳೆಯೆಲ್ಲ ಹಾಳಾಯಿತೆಂದು ಊರವರು ನಕ್ಕರು. ಆದರೆ ರಾಶಿಯ ದಿನ ಕಣದಲ್ಲಿ ಅವರ ಧಾನ್ಯವೇ ಮಿಗಿಲಾಯಿತೆಂದು ಪುರಾಣಿಕರು ಹೇಳುವರು. ಪವಾಡವನ್ನು ನಂಬುವವರು ನಂಬಲಿ. ರಾಶಿಯು ಕಡಿಮೆಯಾಗಿದ್ದರೂ ಶರಣರ ಕೈ ಕವಣೆಗೆ ಹೋಗುತ್ತಿರಲಿಲ್ಲವೆಂಬುದೇ ಇಲ್ಲಿಯ ಸಾರವು.

ಮಹಾದೇವಿಯಮ್ಮನವರನ್ನು ಕೈಹಿಡಿದು ಸಂಸಾರಿಗಳಾದ ಮೇಲೆಯೂ ಅವರ ಬಾಗಿಲು ಮುಚ್ಚಲಿಲ್ಲ. ಬಂದವರಿಗೆಲ್ಲ ಅನ್ನವಿಕ್ಕುವ ಈ ವ್ರತವು ಮನೆಯ ಕಣಜವನ್ನು ಬರಿದು ಮಾಡೀತೆಂದು ಒಡಹುಟ್ಟಿದವರಿಗೆ ಅಂಜಿಕೆ ಹುಟ್ಟಿತೆಂದೂ, ಮನೆಯು ಪಾಲಾಯಿತೆಂದೂ ಹೇಳುವರು. ಬರಗಾಲವು ಬಡವರನ್ನು ತಿನ್ನುತ್ತಿದ್ದ ಶತಮಾನವದು. 1791-92ರ ಮಹಾಕ್ಷಾಮವು ದಖ್ಖಣದಲ್ಲಿ ಅಸಂಖ್ಯ ಜನರನ್ನು ಬಲಿಗೊಂಡಿತು. ಅಂಥ ಕಾಲದಲ್ಲಿ ನಾಳೆಗೆ ಕೂಡಿಡುವದು ಲೋಕದ ಜಾಣತನ. ಇಂದು ಹಸಿದವನಿಗೆ ನೀಡುವದು ಶರಣರ ನಡೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬೆಳಗಿಸಿದ ಕಾಯಕ ದಾಸೋಹಗಳ ಜ್ಯೋತಿಯನ್ನು ಅವರು ನೇಗಿಲ ಮೇಳಿಯನ್ನೂ ಅನ್ನದ ಸಟ್ಟುಗವನ್ನೂ ಹಿಡಿದೇ ಕಾಪಾಡಿದರು.

ಮುಂದೆ ಹುಟ್ಟೂರನ್ನು ಬಿಟ್ಟು ಕಲಬುರ್ಗಿಗೆ ಬಂದು ನೆಲೆಸಿದರು. ಫರಹತಾಬಾದಿನ ದೊಡ್ಡಪ್ಪ ಗೌಡರು ಅವರ ಸೇವೆಗೆ ನಿಂತರು. ಶರಣರ ತರುವಾಯ ಆ ದಾಸೋಹಪೀಠದ ಭಾರವನ್ನು ಹೊತ್ತವರೂ ಅವರೇ. ಕಲಬುರ್ಗಿಯ ಮಹಾಮನೆಯಲ್ಲಿ ಜಾತಿ ಮತಗಳ ಎಣಿಕೆಯಿಲ್ಲದೆ ಪಂಕ್ತಿಗಳು ನಡೆದವು. 1822ರಲ್ಲಿ ಶರಣರು ಲಿಂಗೈಕ್ಯರಾದರು. ಅವರ ಗದ್ದುಗೆಯ ಮೇಲೆ ದೇವಾಲಯವು ಎದ್ದು ನಿಂತಿದೆ.

ಪ್ರತಿವರ್ಷ ಹೋಳಿಹುಣ್ಣಿಮೆಯ ಐದನೆಯ ದಿನ ಅಲ್ಲಿ ಮಹಾರಥೋತ್ಸವವು ಜರುಗುವದು. ಪರುಷಬಟ್ಟಲಿನ ದರ್ಶನಕ್ಕೆಂದು ಸಾವಿರ ಸಾವಿರ ಜನರು ನೆರೆಯುವರು. ತೇರಿನ ಮೇಲೆ ಬಾಳೆಹಣ್ಣು ಉತ್ತತ್ತಿಗಳನ್ನು ಎಸೆದು ಕೈಮುಗಿಯುವರು.

ತೇರು ನಿಂತ ಮೇಲೆ ಜಾತ್ರೆಯು ಮುಗಿಯುವದೆಂದು ಭಾವಿಸಬಾರದು. ಊರಿಗೆ ಮರಳಿದ ಭಕ್ತನು ದಣಿದ ಎತ್ತಿನ ಹೆಗಲ ನೊಗವನ್ನು ಹೊತ್ತಿಗೆ ಮುಂಚೆ ಇಳಿಸಿದರೆ, ಬೇಸಿಗೆಯಲ್ಲಿ ಹಕ್ಕಿಗೊಂದು ಬೋಗುಣಿ ನೀರಿಟ್ಟರೆ, ಹಸಿದು ಬಂದವನ ಜಾತಿಯನ್ನು ಕೇಳದೆ ರೊಟ್ಟಿ ನೀಡಿದರೆ, ಅಂದೇ ಶರಣಬಸವೇಶ್ವರರ ತೇರು ಅವನ ಮನೆಯ ಬಾಗಿಲಿಗೆ ಬಂದಂತೆ. ಆ ಮಹಾದಾಸೋಹಿಯ ಕೃಪೆಯು ಸಕಲ ಜೀವರಾಶಿಗಳ ಮೇಲಿರಲಿ.