ಲೂಯಿ ಷೆವರ್ಲೆ

ಯಾದಗಿರಿ, ಶಹಾಪುರ, ಸುರಪುರಗಳ ಕೋಟೆಗಳು ವೈಭವದಿಂದ ಮೆರೆದ ಕಾಲದಲ್ಲಿ ವೇಗಕ್ಕೆ ಕುದುರೆಯೇ ಅಳತೆಗೋಲಾಗಿತ್ತು. ಯಂತ್ರಯುಗ ಬಂದ ಮೇಲೂ ಎಂಜಿನ್ನಿನ ಬಲವನ್ನು ಜನರು ಅಶ್ವಶಕ್ತಿಯಲ್ಲಿಯೇ ಅಳೆದರು. 1970ರ ಅಮೆರಿಕದ ಕಾರುಗಳಲ್ಲಿ ಅತಿ ವೇಗದ್ದು ಯಾವುದೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕೆಲವರು 450 ಅಶ್ವಶಕ್ತಿಯ ಷೆವರ್ಲೆ ಷೆವೆಲ್ ಕಾರನ್ನು ಎತ್ತಿಹಿಡಿದರೆ, ಕೆಲವರು 425 ಅಶ್ವಶಕ್ತಿಯ ಪ್ಲಿಮತ್ ಬರಾಕೂಡವನ್ನು ಮೆಚ್ಚುತ್ತಾರೆ. ಇವುಗಳಲ್ಲಿ ಮೊದಲನೆಯದು ಹೊತ್ತಿರುವುದು ಒಬ್ಬ ಮನುಷ್ಯನ ಹೆಸರನ್ನು.

ಲೂಯಿ ಷೆವರ್ಲೆ 1878ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗಡಿಯಾರ ತಯಾರಕನೊಬ್ಬನ ಮಗನಾಗಿ ಜನಿಸಿದನು. ಫ್ರಾನ್ಸಿನಲ್ಲಿ ಯಂತ್ರಗಳ ಕೆಲಸ ಕಲಿತು, 1900ರಲ್ಲಿ ಸಾಗರ ದಾಟಿ ಉತ್ತರ ಅಮೆರಿಕವನ್ನು ಸೇರಿದನು. ಮೋಟಾರು ಪಂದ್ಯಗಳು ಅವನಿಗೆ ಕೀರ್ತಿ ತಂದವು. 1911ರಲ್ಲಿ ವಿಲಿಯಂ ಡ್ಯುರಾಂಟ್ ಎಂಬ ಉದ್ಯಮಿ ಅವನೊಡಗೂಡಿ ಡೆಟ್ರಾಯಿಟ್ ನಗರದಲ್ಲಿ ಕಾರು ಕಂಪನಿಯನ್ನು ಸ್ಥಾಪಿಸಿ, ಅದಕ್ಕೆ ಆ ಪಂದ್ಯವೀರನ ಹೆಸರನ್ನೇ ಇಟ್ಟನು. ಲೂಯಿಗೆ ಬಲಿಷ್ಠವೂ ಸುಂದರವೂ ಆದ ಕಾರು ಬೇಕಾಗಿತ್ತು. ಡ್ಯುರಾಂಟನಿಗೆ ಅಗ್ಗದ ಕಾರು. ಮನಸ್ತಾಪ ಬೆಳೆದು 1913ರಲ್ಲಿ ಲೂಯಿ ಹೊರನಡೆದನು. ಹೆಸರು ಮಾತ್ರ ಕಂಪನಿಯಲ್ಲಿಯೇ ಉಳಿಯಿತು.

ಮುಂದೆ ಅವನು ಸೋದರರೊಡನೆ ಪಂದ್ಯದ ಕಾರುಗಳನ್ನು ನಿರ್ಮಿಸಿದನು. ತಮ್ಮನಾದ ಗ್ಯಾಸ್ಟನ್ 1920ರಲ್ಲಿ ಇಂಡಿಯಾನಾಪೊಲಿಸ್ ನಗರದ 500 ಮೈಲಿಗಳ ಪಂದ್ಯವನ್ನು ಅಣ್ಣ ನಿರ್ಮಿಸಿದ ಕಾರಿನಲ್ಲಿಯೇ ಗೆದ್ದನು. ಅದೇ ವರ್ಷ ಮತ್ತೊಂದು ಪಂದ್ಯದಲ್ಲಿ ಅಪಘಾತಕ್ಕೀಡಾಗಿ ಮಡಿದನು. ಮರುವರ್ಷವೂ ಲೂಯಿಯ ಕಾರೇ ಅಲ್ಲಿ ಗೆದ್ದಿತು. ಆದರೆ ಗೆಲುವಿನ ಹಿಂದೆ ಸಂಪತ್ತು ಬರಲಿಲ್ಲ.

1941ರಲ್ಲಿ ಲೂಯಿ ಡೆಟ್ರಾಯಿಟಿನಲ್ಲಿ ತೀರಿಕೊಂಡನು. ಆಗ ಅವನ ಹೆಸರಿನ ಕಾರುಗಳು ಲಕ್ಷಗಟ್ಟಲೆ ಓಡುತ್ತಿದ್ದವು. ಅವುಗಳ ಲಾಭದಲ್ಲಿ ಅವನಿಗೆ ಪಾಲಿರಲಿಲ್ಲ. ಅವನು ಬಯಸಿದ್ದ ಬಲವನ್ನು ಆ ಕಂಪನಿ ಷೆವೆಲ್‌ಗೆ ತುಂಬಿದುದು ಇನ್ನೂ 29 ವರ್ಷಗಳು ಕಳೆದ ಮೇಲೆ.